ಸುಮ್ಮನೆ ತಿರುಗುವದು

ಕಾರ್ಯವಿಲ್ಲದೆ ಮನೆಯಿಂದ ಹೊರಬಿದ್ದು, ಕಾರ್ಯವಿಲ್ಲದೆ ನಾಲ್ಕು ಊರು ಸುತ್ತಿ, ಬರಿಗೈಯಿಂದ ಮನೆಗೆ ಮರಳುವ ಮನುಷ್ಯನನ್ನು ನಮ್ಮ ಹಿರಿಯರು ಒಳ್ಳೆಯ ಹೆಸರಿನಿಂದ ಕರೆಯುತ್ತಿರಲಿಲ್ಲ. ಯಾತ್ರಿಕನಿಗೆ ದೇವರಿದ್ದನು, ವ್ಯಾಪಾರಿಗೆ ಸಂತೆಯಿತ್ತು, ಜಂಗಮನಿಗೆ ಭಿಕ್ಷೆಯೂ ಬೋಧೆಯೂ ಇದ್ದವು, ಬೀಗರ ಊರಿಗೆ ಹೊರಟವನ ಕೈಯಲ್ಲಿ ಬುತ್ತಿಯ ಗಂಟಾದರೂ ಇರುತ್ತಿತ್ತು. ಇವುಗಳಲ್ಲಿ ಯಾವುದೂ ಇಲ್ಲದೆ ದಾರಿ ಸವೆಸುವವನಿಗೆ ‘ಉಡಾಳ’ ಎಂಬುದೊಂದೇ ಬಿರುದು. ಈಗ ಕಾಲವು ಬೇರೆಯಾಗಿದೆ. ಈಚಿನ ವರ್ಷಗಳಲ್ಲಿ ರವಿವಾರದ ನಸುಕಿನಲ್ಲಿ, ತಲೆಗೆ ಶಿರಸ್ತ್ರಾಣ ತೊಟ್ಟು, ಗೇರುಗಳುಳ್ಳ ಬೆಲೆಬಾಳುವ ಸೈಕಲ್ಲುಗಳನ್ನೇರಿದ ಸುಶಿಕ್ಷಿತರು ಪೇಟೆಯ ಕಡೆಯಿಂದ ನಮ್ಮ ರೋಣ, ನರಗುಂದ, ಗಜೇಂದ್ರಗಡಗಳ ಬಯಲಿಗೆ ಬರುವದನ್ನು ಕಾಣುತ್ತೇವೆ. ಇಂಥವರಿಗಾಗಿ ಗುರುತು ಹಾಕಿದ ವಿಹಾರಮಾರ್ಗಗಳಿದ್ದರೆ ಚೆನ್ನಾಗಿತ್ತು ಎಂದು ಸ್ನೇಹಿತರ ಕೂಟಗಳಲ್ಲಿ ಮಾತು ಬರುವದೂ ಉಂಟು. ಮಾರ್ಗ ಎಲ್ಲಿಂದ ಎಲ್ಲಿಗಿರಬೇಕು ಎಂದು ಚರ್ಚಿಸುವದಕ್ಕಿಂತ ಮುಂಚೆ ನಿರ್ಣಯವಾಗಬೇಕಾದ ಪ್ರಶ್ನೆಯೊಂದಿದೆ. ಹತ್ತು ಜನರು ಬೆವರು ಸುರಿಸುವ ನೆಲದ ನಡುವೆ ಒಬ್ಬನು ಕೇವಲ ತನ್ನ ಸಂತೋಷಕ್ಕಾಗಿ ಹಾದು ಹೋಗುವದು ನ್ಯಾಯವೇ? ನ್ಯಾಯವಾದರೆ ಯಾವ ಷರತ್ತಿನ ಮೇಲೆ?

ಮೊದಲು ಈ ನೆಲದ ಸ್ವರೂಪವನ್ನು ಹೇಳಬೇಕು. ಏಕೆಂದರೆ ಪ್ರಶ್ನೆಯು ಹುಟ್ಟುವದೇ ಅದರಿಂದ. ಮಲಪ್ರಭೆ, ಬೆಣ್ಣಿಹಳ್ಳಗಳು ಹರಿಯುವ ಈ ಸೀಮೆಯು ಬಹುಮಟ್ಟಿಗೆ ಎರೆಯ ಬಯಲು. ದೃಷ್ಟಿಗೆ ಅಡ್ಡವಾಗಿ ನಿಲ್ಲುವ ವಸ್ತುಗಳು ಬಹು ಕಡಿಮೆ: ಬದುವಿನ ಮೇಲೊಂದು ಬೇವು, ಹಳ್ಳದ ದಂಡೆಗೆ ನಾಲ್ಕು ಜಾಲಿ, ದೂರದಲ್ಲಿ ಒಂಟಿಯಾಗಿ ಎದ್ದ ನರಗುಂದದ ಗುಡ್ಡ. ಗಜೇಂದ್ರಗಡದ ಕಡೆಗೆ ಸಾಗಿದಂತೆ ಎರೆ ಕಡಿಮೆಯಾಗಿ ಮಸಾರಿ ಬರುತ್ತದೆ, ಕಲ್ಲು ಮೇಲೇಳುತ್ತದೆ, ಬನ್ನಿ, ಬಾರಿ, ಕವಳಿಗಳ ಕುರುಚಲು ಹಬ್ಬುತ್ತದೆ, ಕೊನೆಗೆ ಗುಡ್ಡದ ಸಾಲು ಗಾಳಿಯಂತ್ರಗಳನ್ನು ಹೊತ್ತು ನಿಂತಿರುತ್ತದೆ. ಸೈಕಲ್ಲಿಗೆ ಇದಕ್ಕಿಂತ ಒಪ್ಪುವ ಭೂಮಿ ದುರ್ಲಭ. ಗುಡ್ಡನಾಡಿನ ಸವಾರನಿಗೆ ಏರಿದ ಹೆಮ್ಮೆಯೂ ಇಳಿಯುವ ಮೋಜೂ ದೊರೆಯುತ್ತವೆ. ಬಯಲಿನವನಿಗೆ ಇವೆರಡೂ ಇಲ್ಲ, ಆದರೆ ದಣಿವೂ ಇಲ್ಲ. ಅವನಿಗೆ ಎದುರಾಳಿ ಗಾಳಿಯೊಂದೇ. ಆಷಾಢದಲ್ಲಿ ಪಡುವಣ ಗಾಳಿಗೆ ಮುಖಕೊಟ್ಟು ತುಳಿದವರಿಗೆ ಆ ಎದುರಾಳಿಯ ಬಲ ಗೊತ್ತು. ಮಳೆ ಬಿದ್ದ ಎರೆಯ ದಾರಿಯ ಮಾತಂತೂ ಬೇಡವೇ ಬೇಡ. ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹೊಕ್ಕು ಬಿಗಿದು, ಸವಾರನು ಸೈಕಲ್ಲನ್ನು ಏರುವ ಬದಲು ಸೈಕಲ್ಲೇ ಸವಾರನ ಹೆಗಲನ್ನೇರುತ್ತದೆ. ದೀಪಾವಳಿಯಿಂದ ಹೋಳಿಯವರೆಗಿನ ಕಾಲವೇ ಇಲ್ಲಿ ವಿಹಾರದ ಕಾಲ. ಆಗ ಬಿಳಿಜೋಳ ಎದೆಮಟ್ಟಕ್ಕೆ ನಿಂತಿರುತ್ತದೆ, ಕಡಲೆ ಹೂವಾಡುತ್ತಿರುತ್ತದೆ, ಹೊಲದಂಚಿಗೆ ಬೇಲಿಯಂತೆ ಬಿತ್ತಿದ ಕುಸುಬಿ ಮುಳ್ಳಿನೊಡನೆ ಹೂವನ್ನೂ ತೋರಿಸುತ್ತದೆ.

ರೋಣಕ್ಕೂ ಗಜೇಂದ್ರಗಡಕ್ಕೂ ನಡುವಣ ಸೂಡಿಯನ್ನು ಅನೇಕರು ಜೋಡುಕಳಸದ ಗುಡಿಗಾಗಿಯೂ ನಾಗಕುಂಡಕ್ಕಾಗಿಯೂ ನೋಡಿರಬಹುದು. 11ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮನೆತನದ ಅಕ್ಕಾದೇವಿಯು ಆಳಿದ ನಾಡಿನ ಹೆಸರು ‘ಕಿಸುಕಾಡು ಎಪ್ಪತ್ತು’. ಸೂಡಿಯು ಆ ನಾಡಿನ ಮುಖ್ಯ ಪಟ್ಟಣ. ಹಳಗನ್ನಡದಲ್ಲಿ ಕಿಸು ಎಂದರೆ ಕೆಂಪು. ಹೆಸರಿನಲ್ಲಿ ಇಂದಿಗೂ ಕೆಂಪು ಕಾಡು ಉಳಿದಿದೆ; ನೆಲದ ಮೇಲೆ ಕುರುಚಲು ಉಳಿದಿದೆ. ಆದರೂ ನಮ್ಮ ಜನರು ‘ಅಡವಿ’ ಎಂಬ ಶಬ್ದವನ್ನು ಬಿಟ್ಟುಕೊಟ್ಟಿಲ್ಲ. ಹೊಲಕ್ಕೆ ಹೋದವನನ್ನು ಕುರಿತು ‘ಅಡಿವ್ಯಾಗ ಅದಾನ’ ಎಂದು ಮನೆಯವರು ಹೇಳುವದನ್ನು ವಾಚಕರು ಎಷ್ಟೋ ಸಲ ಕೇಳಿರಬೇಕು. ಊರ ಹೊರಗಿನದೆಲ್ಲವೂ ಅಡವಿ. ಆ ಅಡವಿಯೆಲ್ಲವೂ ದುಡಿಮೆಯ ಸ್ಥಳ. ಹೊಲದಲ್ಲಿ ಕಳೆ ಕೀಳುವವರು, ಬೀಳಿನಲ್ಲಿ ಕುರಿ ಮೇಯಿಸುವವರು, ಹಳ್ಳದ ದಂಡೆಯಲ್ಲಿ ಕಟ್ಟಿಗೆ ಆರಿಸುವವರು, ಇವರಿಲ್ಲದ ಅಡವಿಯನ್ನು ಈ ಸೀಮೆಯಲ್ಲಿ ಹುಡುಕಿದರೂ ಸಿಗದು. ಆದುದರಿಂದ ವಿಹಾರಕ್ಕೆಂದು ಇಲ್ಲಿ ಸೈಕಲ್ಲು ಹೊಡೆಯುವವನು ನಿರ್ಜನವಾದ ನಿಸರ್ಗದಲ್ಲಿ ಸಂಚರಿಸುತ್ತಿಲ್ಲ. ಮತ್ತೊಬ್ಬರ ಕಾರ್ಯಾಲಯದ ನಡುವೆ ಸಂಚರಿಸುತ್ತಿದ್ದಾನೆ.

ಸಪಾಟಾದ ಕಾಡು-ಕುರುಚಲುಗಳ ನಡುವೆ ಸೈಕಲ್ ವಿಹಾರವೆಂದೊಡನೆ ಬಲ್ಲವರು ಹಾಲೆಂಡ್, ಬೆಲ್ಜಿಯಂಗಳ ಉದಾಹರಣೆ ಕೊಡುತ್ತಾರೆ. ಕೊಡತಕ್ಕದ್ದೇ. ಹಾಲೆಂಡಿನ ಹೋಗೆ ವೇಲುವೆ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ 1974ರಿಂದ ಬಿಳಿಯ ಬಣ್ಣದ ಸೈಕಲ್ಲುಗಳನ್ನು ಇಟ್ಟಿದ್ದಾರೆ. ಒಳಗೆ ಬಂದವರು ಬೇಕಾದುದನ್ನು ಏರಿ ತಿರುಗಿ, ಮರಳಿ ಇಟ್ಟು ಹೋಗಬಹುದು. ಆದರೆ ಆ ಕುರುಚಲು ಬಯಲಿನ ಪೂರ್ವೇತಿಹಾಸವನ್ನೂ ಸ್ವಲ್ಪ ನೋಡೋಣ. ಅದು ತಾನಾಗಿಯೇ ಆದ ನಿಸರ್ಗವಲ್ಲ. ಶತಮಾನಗಳವರೆಗೆ ಕುರಿಗಳು ಮೇಯ್ದು, ರೈತರು ಮೇಲ್ಮಣ್ಣಿನ ಹೆಂಟೆಗಳನ್ನು ಕಡಿದೊಯ್ದು ಕುರಿಗೊಬ್ಬರದೊಡನೆ ಬೆರೆಸಿ ತಮ್ಮ ಹೊಲಗಳಿಗೆ ಹಾಕಿದುದರಿಂದ ಮರಗಳು ಬೆಳೆಯದೆ ಬಯಲಾದ ಭೂಮಿ ಅದು. 19ನೆಯ ಶತಮಾನದ ಕೊನೆಗೆ ಹೊರಗಿನ ಅಗ್ಗದ ಉಣ್ಣೆಯೂ ರಾಸಾಯನಿಕ ಗೊಬ್ಬರವೂ ಬಂದವು; ಕುರುಬನಿಗೆ ಅಲ್ಲಿ ಕೆಲಸವಿಲ್ಲದಂತಾಯಿತು. ಕೆಲಸ ಹೋದ ಬಳಿಕ ಆ ಭೂಮಿ ‘ಸುಂದರ’ವಾಯಿತು. ಈಗ ಆ ಸೌಂದರ್ಯವನ್ನು ಕಾಪಾಡುವದಕ್ಕಾಗಿಯೇ ಅಲ್ಲಲ್ಲಿ ಕುರಿಹಿಂಡುಗಳನ್ನು ಸಾಕುತ್ತಾರಂತೆ! ಬೆಲ್ಜಿಯಂದ ಲಿಂಬರ್ಗ್ ಪ್ರಾಂತದ ಕಥೆಯೂ ಇದಕ್ಕೆ ಹೊರತಲ್ಲ. ದಾರಿ ಕೂಡುವ ಸ್ಥಳಗಳಿಗೆಲ್ಲ ಅಂಕಿಗಳನ್ನು ಕೊಟ್ಟು, ಸವಾರನು ಅಂಕಿಯಿಂದ ಅಂಕಿಗೆ ತನ್ನ ಮಾರ್ಗವನ್ನು ತಾನೇ ಹೆಣೆದುಕೊಳ್ಳುವ ಏರ್ಪಾಡು 1995ರಲ್ಲಿ ಮೊದಲು ಅಲ್ಲಿ ಆಯಿತು. ಅದನ್ನು ಯೋಚಿಸಿದವನು ಒಬ್ಬ ಗಣಿಯ ಎಂಜಿನಿಯರ. ಆ ಪ್ರಾಂತದ ಕೊನೆಯ ಕಲ್ಲಿದ್ದಲ ಗಣಿ ಮುಚ್ಚಿದುದು 1992ರಲ್ಲಿ. ದುಡಿಮೆಯು ಹಿಂದೆ ಸರಿದ ಮೇಲೆ ವಿಹಾರವು ಮುಂದೆ ಬಂದಿತು.

ನಮ್ಮಲ್ಲಿ ದುಡಿಮೆಯು ಹಿಂದೆ ಸರಿದಿಲ್ಲ. ನೋಟವೂ ದುಡಿಮೆಯೂ ಒಂದೇ ನೆಲದಲ್ಲಿ ಒಂದೇ ಹೊತ್ತಿನಲ್ಲಿ ಇವೆ. ಇದಕ್ಕೆ ಚಿಗರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಎರೆಯ ಬಯಲಿನಲ್ಲಿ ಚಿಗರಿಯ ಹಿಂಡು ನೆಗೆಯುವದನ್ನು ಕಂಡ ಸವಾರನು ಅಂದಿನ ದಿನ ಸಾರ್ಥಕವಾಯಿತೆಂದುಕೊಳ್ಳುತ್ತಾನೆ. ಚಿತ್ರ ತೆಗೆದು ನಾಲ್ಕು ಜನರಿಗೆ ತೋರಿಸುತ್ತಾನೆ. ಅದೇ ಹಿಂಡು ಹಿಂದಿನ ರಾತ್ರಿ ಯಾವನೋ ಒಬ್ಬನ ಕಡಲೆಯ ಹೊಲದಲ್ಲಿತ್ತು. ರೈತನು ಚಿಗರಿಯ ಚೆಲುವನ್ನು ಅರಿಯದವನೆಂದು ಯಾರೂ ತಿಳಿಯಬಾರದು. ಅವನ ಮನೆಯ ಹುಡುಗಿಗೆ ಚಿಗರಿಗಣ್ಣಿನವಳೆಂದು ಕರೆಯುವವನು ಅವನೇ. ಆದರೆ ಆ ಚೆಲುವಿನ ಬೆಲೆಯನ್ನು ತೆತ್ತವನು ಅವನು, ಪುಕ್ಕಟೆಯಾಗಿ ಕಂಡವನು ಇವನು. ಇದನ್ನು ಅರಿತೂ ಸವಾರನು ಸಂತೋಷಪಡಬಹುದೇ?

ಪಡಬಾರದು ಎನ್ನುವವರ ವಾದವು ಕಾಯಕದ ತತ್ತ್ವದಿಂದ ಹೊರಡುತ್ತದೆ. ದುಡಿಮೆಯೇ ಪೂಜೆಯೆಂದು ನಂಬಿದ ನಾಡಿನಲ್ಲಿ ವಿರಾಮಕ್ಕೆ ಸ್ಥಾನವೆಲ್ಲಿ ಎಂದು ಅವರು ಕೇಳುತ್ತಾರೆ. ನನಗೇನೋ ಕಾಯಕದ ತತ್ತ್ವದೊಳಗೇ ಇದರ ಉತ್ತರವಿದೆಯೆಂದು ತೋರುತ್ತದೆ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಎಲ್ಲರೂ ಬಲ್ಲರು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವದು ಅವನ ಕಾಯಕ. ಒಂದು ದಿನ ಅವನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಂಡತಿ ಲಕ್ಕಮ್ಮನು ಒಪ್ಪಲಿಲ್ಲ; ಹೆಚ್ಚಿನದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಈ ಕಥೆಯಲ್ಲಿ ಆಶೆಯ ಖಂಡನವನ್ನು ಮಾತ್ರ ನಾವು ಸಾಮಾನ್ಯವಾಗಿ ಕಾಣುತ್ತೇವೆ. ಆದರೆ ಒಂದು ಲೆಕ್ಕವನ್ನು ಯಾರೂ ಮಾಡುವದಿಲ್ಲ. ಅಂದಂದಿನ ಅಕ್ಕಿ ಸಿಕ್ಕೊಡನೆ ಕೈ ನಿಲ್ಲಬೇಕೆಂದಾದರೆ, ಮಾರಯ್ಯನಿಗೆ ಉಳಿದ ಹೊತ್ತು ಏನಾಯಿತು? ಸಂಗ್ರಹಕ್ಕೆ ಮಿತಿಯನ್ನು ಹಾಕಿದ ಮತವು, ಹಾಕಿದ ಕ್ಷಣದಲ್ಲಿಯೇ ಮನುಷ್ಯನಿಗೆ ಹೊತ್ತನ್ನು ಕೊಟ್ಟಿತು. ಸಾಕು ಎಂದವನಿಗೆ ಸಂಜೆ ಇದೆ. ಸಾಕೆನ್ನದವನಿಗೆ ಕತ್ತಲಾದರೂ ಸಂಜೆಯಾಗುವದಿಲ್ಲ.

ಗ್ರೀಕರು ಇದನ್ನು ಬೇರೊಂದು ಬಗೆಯಿಂದ ಹೇಳಿದರು. ವಿರಾಮಕ್ಕೆ ಅವರಿಟ್ಟ ‘ಸ್ಖೋಲೆ’ ಎಂಬ ಹೆಸರಿನಿಂದಲೇ ನಮ್ಮ ಮಕ್ಕಳು ದಿನಾಲು ಪಾಟಿಚೀಲ ಹೊತ್ತು ಹೋಗುವ ‘ಸ್ಕೂಲು’ ಹುಟ್ಟಿತು. ಅರಿಸ್ಟಾಟಲನಂತೂ ನಾವು ದುಡಿಯುವದೇ ವಿರಾಮವು ಲಭಿಸಲೆಂದು ತಿಳಿದಿದ್ದನು. ಮಾತೇನೋ ದೊಡ್ಡದು. ಆದರೆ ಅವನ ಪಟ್ಟಣದಲ್ಲಿ ಕೆಲವರ ವಿರಾಮವನ್ನು ಗುಲಾಮರ ದುಡಿಮೆ ಹೊತ್ತಿತ್ತು. ಲಕ್ಕಮ್ಮನ ಮನೆಯಲ್ಲಿ ವಿರಾಮವನ್ನು ಹೊತ್ತವರು ತಾವೇ ದುಡಿದವರು. ಈ ಭೇದವನ್ನು ಮರೆಯಬಾರದು.

ಇನ್ನು ಕೆಲವರು ವಿಹಾರವನ್ನು ಸಮರ್ಥಿಸಲು ಹೋಗಿ ಅದನ್ನು ಕೊಂದೇ ಬಿಡುತ್ತಾರೆ. ಸೈಕಲ್ಲು ಹೊಡೆದರೆ ಸಕ್ಕರೆರೋಗ ಹತ್ತಿರ ಬರುವದಿಲ್ಲ, ಪೆಟ್ರೋಲು ಉಳಿಯುತ್ತದೆ, ವಾಯು ಶುದ್ಧವಾಗುತ್ತದೆ, ಇತ್ಯಾದಿ. ಇವೆಲ್ಲವೂ ನಿಜ, ಯಾವುದನ್ನೂ ನಾನು ಅಲ್ಲಗಳೆಯುವದಿಲ್ಲ. ಆದರೆ ಮಾಗಿಯ ಮುಂಜಾವಿನಲ್ಲಿ ಜೋಳದ ನಡುವಿನ ಚಕ್ಕಡಿದಾರಿಯನ್ನು ಹಿಡಿದವನು ರಕ್ತದ ಸಕ್ಕರೆಯ ಸಲುವಾಗಿ ಹಿಡಿದುದಲ್ಲ ಎಂಬುದು ಅವನಿಗೂ ಗೊತ್ತು, ದೇವರಿಗೂ ಗೊತ್ತು. ಸಂತೋಷಕ್ಕೆ ನಾಚಿ ಉಪಯೋಗದ ಶಾಲು ಹೊದ್ದುಕೊಳ್ಳುವದು ನಮ್ಮ ಸುಶಿಕ್ಷಿತರಿಗೆ ಅಂಟಿದ ಜಾಡ್ಯ.

ಸೈಕಲ್ಲಿನ ಇತಿಹಾಸವೂ ಈ ನಾಚಿಕೆಗೆ ಒಂದು ಕಾರಣವಿದ್ದೀತು. ನಮ್ಮ ಹಳ್ಳಿಗಳಿಗೆ ಅದು ಬಂದುದು ದುಡಿಯುವವರ ವಾಹನವಾಗಿ. ಹಾಲಿನ ಕ್ಯಾನು, ಟಪಾಲಿನ ಚೀಲ, ಐಸ್‌ಕ್ಯಾಂಡಿಯ ಪೆಟ್ಟಿಗೆ, ಬೇರೆ ಊರಿಗೆ ಹೋಗಿ ಬರುವ ಮಾಸ್ತರರ ಛತ್ರಿ, ಇವೆಲ್ಲವನ್ನೂ ಅದು ಹೊತ್ತಿತು. ತಾಸಿನ ಲೆಕ್ಕದಲ್ಲಿ ಬಾಡಿಗೆ ಕೊಡುವ ಅಂಗಡಿಗಳಿದ್ದವು; ಕಾಲು ನಿಲುಕದ ಹುಡುಗರು ಚೌಕಟ್ಟಿನ ನಡುವೆ ಕಾಲು ತೂರಿಸಿ ಕಲಿತರು. ಕೈಗೆ ನಾಲ್ಕು ಕಾಸು ಬಂದೊಡನೆ ಅದೇ ಹುಡುಗರು ದೊಡ್ಡವರಾಗಿ ಮೋಟಾರುಸೈಕಲ್ಲು ಕೊಂಡರು. ಬಾಡಿಗೆಯ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿದವು. ಇನ್ನೂ ಹೆಚ್ಚು ಕಾಸುಳ್ಳವರು ಈಗ ಮತ್ತೆ ಸೈಕಲ್ಲಿಗೆ ಬಂದಿದ್ದಾರೆ. ಬಡತನದಿಂದ ತುಳಿದವನೂ ಸಿರಿತನದಿಂದ ತುಳಿದವನೂ ಒಂದೇ ದಾರಿಯಲ್ಲಿ ಎದುರಾದಾಗ ಒಬ್ಬರನ್ನೊಬ್ಬರು ನೋಡುವ ನೋಟವನ್ನು ನಾನು ಬಣ್ಣಿಸಲಾರೆ. ಮೊದಲನೆಯವನು ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: “ಇದಕ್ಕ ಎಷ್ಟ ಕೊಟ್ರಿ, ಸಾಹೇಬ್ರ?” ನಿಜವಾದ ಬೆಲೆಯನ್ನು ಹೇಳುವ ಧೈರ್ಯ ಎಷ್ಟು ಜನರಿಗಿದೆಯೋ ತಿಳಿಯದು.

ಈ ಪ್ರಶ್ನೆ, ಈ ಎದುರಾಗುವಿಕೆ, ಇವುಗಳಲ್ಲಿಯೇ ನಾವು ಹುಡುಕುತ್ತಿರುವ ಷರತ್ತು ಅಡಗಿದೆಯೆಂದು ನನ್ನ ಅಭಿಪ್ರಾಯ. ಮೋಟಾರಿನಲ್ಲಿ ಹೋಗುವವನನ್ನು ಯಾರೂ ಏನೂ ಕೇಳಲಾರರು. ಕೇಳುವಷ್ಟರಲ್ಲಿ ಅವನಿಲ್ಲ, ಅವನ ಧೂಳಿದೆ. ಕಾಲ್ನಡೆಯವನನ್ನು ಎಲ್ಲರೂ ಕೇಳಬಲ್ಲರು. ತಪ್ಪಿಸಿಕೊಳ್ಳುವ ಶಕ್ತಿಯೇ ಅವನಿಗಿಲ್ಲ. ಸೈಕಲ್ಲಿನವನು ಇವರಿಬ್ಬರ ನಡುವಿನವನು. ತಾಸಿಗೆ 12–15 ಕಿಲೋಮೀಟರುಗಳ ವೇಗದಲ್ಲಿ ಹೋಗುವವನಿಗೆ ಕೂಗು ಕೇಳಿಸುತ್ತದೆ. ಮನಸ್ಸಿದ್ದರೆ ನಿಲ್ಲಬಲ್ಲನು, ಮನಸ್ಸಿಲ್ಲದಿದ್ದರೆ ಕೇಳಿಸದವನಂತೆ ಹೋಗಬಲ್ಲನು. ನಿಲ್ಲುವದು ಅವನಿಗೆ ಬಿಟ್ಟುದು. ಆದುದರಿಂದಲೇ ಅದು ನೀತಿಯ ವಿಷಯವಾಯಿತು. ಅದರಲ್ಲಿಯೂ ನಮ್ಮ ಬಯಲಿನಲ್ಲಿ ಮರೆಯೆಂಬುದಿಲ್ಲ. ಅರ್ಧ ಹರದಾರಿಯಿಂದಲೇ ಹೊಲದವರು ಅವನನ್ನು ಕಂಡಿರುತ್ತಾರೆ. ಅವನು ಅವರನ್ನು ನೋಡುವ ಮೊದಲೇ ಅವರು ಅವನನ್ನು ನೋಡಿ, ಯಾರಿರಬಹುದೆಂದು ತಮ್ಮತಮ್ಮಲ್ಲಿ ಚರ್ಚಿಸಿ ಮುಗಿಸಿರುತ್ತಾರೆ.

ಒಮ್ಮೆ ಸೂಡಿಯ ಆಚೆ ಕಡಲೆ ಕೀಳುತ್ತಿದ್ದ ಹೆಂಗಸರಲ್ಲಿ ಹಿರಿಯಳೊಬ್ಬಳು ನನ್ನನ್ನು ನಿಲ್ಲಿಸಿದಳು. “ಯಾವೂರಪಾ ತಮ್ಮಾ? ಇಷ್ಟ ಬಿಸಲಾಗ ಎಲ್ಲಿಗೆ ಹೊಂಟಿ?” ಎಂದಳು. “ಎಲ್ಲಿಗೂ ಇಲ್ಲಬೇ ಯವ್ವಾ, ಸುಮ್ನ ತಿರಗಾಕ ಬಂದೀನಿ” ಎಂದೆನು. ಅವಳು ನಗಲಿಲ್ಲ, ಹಂಗಿಸಲೂ ಇಲ್ಲ. ಕೈಯಲ್ಲಿದ್ದ ಕಡಲೆಗಿಡದ ಕಟ್ಟನ್ನು ನನ್ನ ಸೈಕಲ್ಲಿನ ಹಿಡಿಗೆ ಸಿಕ್ಕಿಸುತ್ತ, “ಸುಮ್ನ ತಿರಗಾಕೂ ಪುಣ್ಯಾ ಮಾಡಿರಬೇಕು ಬಿಡಪಾ” ಎಂದಳು.

ಆ ಮಾತಿನಲ್ಲಿ ಅಸೂಯೆಯ ಸೋಂಕೂ ಇರಲಿಲ್ಲ. ಆದುದರಿಂದಲೇ ಅದನ್ನು ತಳ್ಳಿಹಾಕಲು ಬರುವಂತಿಲ್ಲ. ‘ಸುಮ್ಮನೆ’ ಎಂಬ ನಮ್ಮ ಶಬ್ದದಲ್ಲಿ ಮೌನವಿದೆ, ನಿಷ್ಕಾರಣವಿದೆ, ಬೆಲೆಯಿಲ್ಲದೆ ದೊರೆತದ್ದೆಂಬ ಅರ್ಥವೂ ಇದೆ. ಆ ತಾಯಿ ವಿಹಾರವನ್ನು ಪಾಪವೆನ್ನಲಿಲ್ಲ, ಪುಣ್ಯವೆಂದಳು. ತನಗೆ ಅದು ಬಂದಿಲ್ಲವೆಂದಳು. ಇಲ್ಲಿ ಅನ್ಯಾಯವೇನಾದರೂ ಇದ್ದರೆ ಅದು ಸವಾರನ ಸಂತೋಷದಲ್ಲಿಲ್ಲ, ಆ ಸಂತೋಷವು ಕೆಲವರಿಗೇ ಮೀಸಲಾದುದರಲ್ಲಿದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಕಣ್ಣಿಗೆ ಹೊಡೆದಂತಿದೆ. ನಮ್ಮ ರಾಜ್ಯದಲ್ಲಿ 2006-07ರಿಂದ ಹಲವು ವರ್ಷ ಎಂಟನೆಯ ಇಯತ್ತೆಯ ಮಕ್ಕಳಿಗೆ ಸರಕಾರವು ಸೈಕಲ್ಲು ಕೊಟ್ಟಿತು. ಹುಡುಗಿಯರು ಸಾಲುಗಟ್ಟಿ ಊರಿಂದೂರಿಗೆ ಸೈಕಲ್ಲು ಹೊಡೆದುದನ್ನು ಈ ಬಯಲು ಮೊದಲ ಸಲ ಕಂಡಿತು. ಅದಕ್ಕೂ ಹಿಂದೆ, 1990ರ ದಶಕದ ಆರಂಭದಲ್ಲಿ, ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಸಾಕ್ಷರತಾ ಚಳವಳಿಯಲ್ಲಿ ಹಳ್ಳಿಯ ಸಾವಿರಾರು ಹೆಂಗಸರು ಅಕ್ಷರದೊಡನೆ ಸೈಕಲ್ಲನ್ನೂ ಕಲಿತಿದ್ದರು. ಆದರೆ ನಮ್ಮ ಹುಡುಗಿಗೆ ಕೊಟ್ಟ ದಾರಿ ಶಾಲೆಯದು ಮಾತ್ರ. ರವಿವಾರದ ಸಂಜೆ ಅವಳು ಸೈಕಲ್ಲು ತೆಗೆದರೆ, “ಎಲ್ಲಿಗೆ ಹೊಂಟಿ?” ಎಂಬ ಪ್ರಶ್ನೆಗೆ ಅವಳು ‘ಸುಮ್ನ’ ಎಂದು ಉತ್ತರ ಕೊಡುವಂತಿಲ್ಲ. ನಾನು ಕೊಡಬಲ್ಲೆ. ಗೋಕಾವೆಯ ಕೋಟೆಗೆ ದಂಡು ತೆಗೆದುಕೊಂಡು ಹೋಗಿ ಮುತ್ತಿಗೆ ಹಾಕಿದ ಅಕ್ಕಾದೇವಿಯ ನಾಡಿನಲ್ಲಿ ಇದು ಇಂದಿನ ಸ್ಥಿತಿ.

ವಿಹಾರಮಾರ್ಗಗಳನ್ನು ಸೂಚಿಸುವವರ ಮುಂದೆ ನಾನು ಇಡುವ ಮಾತು ಇಷ್ಟೇ. ಪೇಟೆಯವರಿಗಾಗಿ ಹಲಗೆಗಳನ್ನು ನೆಡುವ ಮೊದಲು ಊರವರ ಸಂಜೆಗೆ ದಾರಿಯಾಗಲಿ. ಉದ್ಯೋಗಖಾತ್ರಿಯ ಕೆಲಸದಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಿಂದ ಹೊಲದ ದಾರಿಗಳನ್ನು ಮಾಡಿದ್ದುಂಟು. ಅಂಥ ದಾರಿಗಳ ಎರಡೂ ಬದಿಗೆ ಬೇವು ಬೆಳೆದರೆ, ಊರಿಗೂ ಕೆರೆಗೂ ನಡುವೆ ಎರಡು ಕಟ್ಟೆಗಳಾದರೆ, ಕುಡಿಯಲು ನೀರಿದ್ದರೆ, ಅಲ್ಲಿ ಹೊಲದಿಂದ ಬರುವವಳೂ ಕುಳಿತಾಳು, ಶಾಲೆಯ ಹುಡುಗಿಯೂ ಸೈಕಲ್ಲು ಹೊಡೆದಾಳು, ಗದಗಿನಿಂದ ಬಂದವನೂ ಹಾದುಹೋದಾನು. ಮೇಲಿನಿಂದ ಬರುವ ‘ಅಭಿವೃದ್ಧಿ’ಯನ್ನು ಕುರಿತು ಈ ಸೀಮೆಯ ಜನರಿಗೆ ಸಂಶಯವಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಮಲಪ್ರಭೆಯ ನೀರಾವರಿಯ ಹೆಸರಿನಲ್ಲಿ ಹೇರಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳ ರೈತರು ಎದ್ದು ನಿಂತುದನ್ನೂ ಅಂದು ಗುಂಡು ಹಾರಿದುದನ್ನೂ ಅವರು ಮರೆತಿಲ್ಲ. ತಮ್ಮ ಒಳಿತಿಗೆಂದು ಬಂದುದರ ಹಿಂದೆಯೇ ಪಟ್ಟಿಯೂ ಬರುತ್ತದೆಂಬುದನ್ನು ಅವರು ಕಂಡವರು.

ವಿರಾಮವೆಂಬುದು ಪೇಟೆಯವರು ಹಳ್ಳಿಗೆ ತಂದ ಹೊಸ ಸರಕೆಂದು ಮಾತ್ರ ಯಾರೂ ಭಾವಿಸಬಾರದು. ಶೀಗಿಹುಣ್ಣಿವೆಗೆ ಮತ್ತು ಎಳ್ಳಮಾಸಿಗೆ ಚರಗ ಚೆಲ್ಲುವದನ್ನು ನೋಡಿರಿ. ವರುಷವೆಲ್ಲ ಬೆವರು ಸುರಿಸಿದ ಅದೇ ಹೊಲಕ್ಕೆ ಅಂದು ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ಸಜ್ಜಿರೊಟ್ಟಿ, ಎಣ್ಣೆಗಾಯಿ, ಕರ್ಚಿಕಾಯಿ, ಶೇಂಗಾ ಹೋಳಿಗೆಗಳ ಬುತ್ತಿ ಬಿಚ್ಚುತ್ತದೆ. ಭೂಮಿತಾಯಿಗೆ ಮೊದಲ ತುತ್ತು ಚೆಲ್ಲಿ, ಬನ್ನಿಯ ನೆರಳಿಗೆ ಕುಳಿತು ಉಂಡು, ಮಕ್ಕಳು ಬದುವಿನ ಗುಂಟ ಓಡಾಡುತ್ತಾರೆ. ಮುದುಕರು ಟವೆಲ್ಲು ಹಾಸಿ ಮಲಗುತ್ತಾರೆ. ಅಂದು ಆ ಹೊಲದಲ್ಲಿ ಯಾರೂ ಒಂದು ಕಳೆಯನ್ನೂ ಕೀಳುವದಿಲ್ಲ. ದುಡಿಮೆಯ ನೆಲವೇ ಒಂದು ದಿನದ ಮಟ್ಟಿಗೆ ವಿಹಾರದ ನೆಲವಾಗುತ್ತದೆ. ಯಾರು ದುಡಿದರೋ ಅವರದೇ ವಿಹಾರ. ದಾರಿಯಲ್ಲಿ ಹಾಯುವವನನ್ನು, ಯಾವ ಊರಿನವನಾದರೂ ಆಗಲಿ, ಕೂಗಿ ಕರೆಯದೆ ಬಿಡುವದಿಲ್ಲ.

ಎಳ್ಳಮಾಸಿಯ ದಿನ ಸೈಕಲ್ಲು ತೆಗೆದವರಿಗೆ ಈ ಕರೆ ತಪ್ಪಿದ್ದಲ್ಲ. “ಬರ್ರಿ, ಒಂದ ತುತ್ತ ಉಂಡ ಹೋಗ್ರಿ” ಎಂದು ಹೊಲದ ನಡುವಿನಿಂದ ಕೈಯೆತ್ತಿ ಕರೆಯುತ್ತಾರೆ. ನಮ್ಮ ಸವಾರರಲ್ಲಿ ಕೆಲವರು ಇಳಿಯುತ್ತಾರೆ. ಕೆಲವರು ಮುಂಗೈಯ ಯಂತ್ರವನ್ನು ನೋಡಿಕೊಂಡು, ಇನ್ನೂ 22 ಕಿಲೋಮೀಟರು ಬಾಕಿ ಇದೆಯೆಂದೂ, ನಿಂತರೆ ಸರಾಸರಿ ಕೆಡುವದೆಂದೂ ಹೇಳಿ, ಕೈಮುಗಿದು ಮುಂದೆ ಹೋಗುತ್ತಾರೆ. ಕರೆದವನು ಅವರ ಬೆನ್ನನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, “ಪಾಪ, ಏನೋ ಅರ್ಜೆಂಟ್ ಕೆಲಸ ಇರಬೇಕು” ಎಂದು ಮನೆಯವರಿಗೆ ಹೇಳಿ, ಮತ್ತೆ ಊಟಕ್ಕೆ ಕುಳಿತುಕೊಳ್ಳುತ್ತಾನೆ.